ಪ್ಲಾನರ್‌ಗೆ ಬಣ್ಣ ಹಾಕಲು ಯಾವ ಪೆನ್ನು, ಯಾವ ಮಾರ್ಕರ್ ತಗೊಳ್ಳಲಿ? ಹಿಂದಿನ ಪುಟಕ್ಕೆ ಇಂಕು ಇಳಿಯುತ್ತಿದೆ

ಸೂಜಿದಾರ_ಹಾಸನ:

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಸೀರೆಗೆ ಕುಚ್ಚು ಕಟ್ಟುತ್ತೇನೆ, ಸ್ವಲ್ಪ ಆರಿ ವರ್ಕ್ ಕೂಡ ಇದೆ. ಇಷ್ಟು ವರ್ಷ ಆರ್ಡರ್‌ಗಳನ್ನೆಲ್ಲ ಗೋಡೆಯ ಕ್ಯಾಲೆಂಡರ್ ಮೇಲೆ, ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದುಕೊಳ್ಳುತ್ತಿದ್ದೆ. ಕಳೆದ ವೈಶಾಖದಲ್ಲಿ ಒಂದೇ ದಿನಕ್ಕೆ ಮೂರು ಮದುವೆ ಮನೆಯವರಿಗೆ ಮಾತು ಕೊಟ್ಟುಬಿಟ್ಟಿದ್ದೆ, ಒಂದು ಮನೆಯ ಧಾರೆ ಸೀರೆಯ ಬ್ಲೌಸನ್ನು ರಾತ್ರಿಯೆಲ್ಲ ಕೂತು ಹೊಲಿದು ಬೆಳಗಿನ ಜಾವ ನಾಲ್ಕು ಗಂಟೆಗೆ ಛತ್ರಕ್ಕೇ ಹೋಗಿ ಕೊಟ್ಟು ಬಂದೆ. ಆವತ್ತೇ ತೀರ್ಮಾನ ಮಾಡಿದೆ, ಇನ್ನು ಒಂದು ಸರಿಯಾದ ಪ್ಲಾನರ್ ಇಟ್ಟುಕೊಳ್ಳಬೇಕು ಅಂತ.

ಈಗ ಎ5 ಅಳತೆಯ, ಚುಕ್ಕಿ ಇರುವ ಪುಟಗಳ ಪ್ಲಾನರ್ ತಂದಿದ್ದೇನೆ. ನನಗೆ ಲೆಕ್ಕ ಮಾತ್ರ ಸಾಲದು, ನೋಡಲೂ ಚೆನ್ನಾಗಿರಬೇಕು. ಬೆಳಗ್ಗೆ ತೆಗೆದ ತಕ್ಷಣ ಮನಸ್ಸಿಗೆ ಖುಷಿ ಆಗಬೇಕು. ಪ್ರತಿ ತಿಂಗಳ ಮೊದಲ ಪುಟಕ್ಕೆ ಒಂದು ರಂಗೋಲಿ, ಅಂಚಿಗೆ ಹೂಬಳ್ಳಿ, ಬ್ಲೌಸ್‌ಗೆ ಒಂದು ಬಣ್ಣ, ಕುಚ್ಚಿಗೆ ಇನ್ನೊಂದು, ಆರಿಗೆ ಮತ್ತೊಂದು, ಹೀಗೆ ಯೋಚನೆ ಇದೆ. ಧನುರ್ಮಾಸ ಅಲ್ವಾ, ಮದುವೆ ಇಲ್ಲ, ಕೈ ಸ್ವಲ್ಪ ಖಾಲಿ ಇದೆ. ಸಂಕ್ರಾಂತಿ ಕಳೆದರೆ ಮತ್ತೆ ಉಸಿರಾಡಲು ಬಿಡುವಿರುವುದಿಲ್ಲ. ಅಷ್ಟರೊಳಗೆ ಇದನ್ನು ಸಿದ್ಧ ಮಾಡಿಕೊಳ್ಳಬೇಕು.

ಸಮಸ್ಯೆ ಏನೆಂದರೆ, ಆನ್‌ಲೈನ್‌ನಲ್ಲಿ ನೋಡಿ 24 ಬಣ್ಣದ ಮಾರ್ಕರ್ ಸೆಟ್ ತರಿಸಿದೆ. ಎರಡೂ ಕಡೆ ತುದಿ ಇರುವಂಥದ್ದು, ಬಣ್ಣಗಳಂತೂ ರೇಷ್ಮೆ ದಾರದ ರೀಲುಗಳ ಹಾಗೆ ಹೊಳೆಯುತ್ತವೆ. ಜನವರಿ ಪುಟಕ್ಕೆ ಒಂದು ಕೆಂಪು ದಾಸವಾಳ ಬರೆದೆ. ಪುಟ ತಿರುಗಿಸಿದರೆ ಅದೇ ದಾಸವಾಳ ಹಿಂದೆಯೂ ಇದೆ, ಅದರ ಮುಂದಿನ ಹಾಳೆಯ ಮೇಲೂ ಕೆಂಪು ಚುಕ್ಕಿಗಳು. ಮಗಳ ಸ್ಕೆಚ್ ಪೆನ್ನಿನಲ್ಲಿ ಪ್ರಯತ್ನ ಮಾಡಿದರೆ ಹಿಂದಕ್ಕೆ ಅಷ್ಟು ಇಳಿಯಲಿಲ್ಲ, ಆದರೆ ಎರಡು ಸಲ ಒಂದೇ ಕಡೆ ತೀಡಿದ್ದಕ್ಕೆ ಕಾಗದ ನೂಲು ನೂಲಾಗಿ ಎದ್ದು ಬಂತು. ಜೆಲ್ ಪೆನ್ನಿನಲ್ಲಿ ಬರೆದು ಮೇಲೆ ಹೈಲೈಟರ್ ಎಳೆದರೆ ಹೆಸರೆಲ್ಲ ಕಲಸಿಹೋಗಿ ಯಾರ ಬ್ಲೌಸ್ ಅಂತಲೇ ಗೊತ್ತಾಗಲಿಲ್ಲ.

ನನ್ನ ಹತ್ತಿರ ಇನ್ನು ಐನೂರು ಆರುನೂರು ರೂಪಾಯಿ ಇದೆ, ಅಷ್ಟೇ. ಏನು ತಗೊಳ್ಳಲಿ? ಹಾಳಾದ ಪುಟಗಳಿಗೆ ಏನಾದರೂ ಮಾಡಬಹುದಾ?

ಅಚ್ಚಿನಮನೆ:

ಅಕ್ಕ, ಪೆನ್ನಿನ ಮಾತು ಆಮೇಲೆ. ಮೊದಲು ನಿಮ್ಮ ಕಾಗದ ಎಂಥದ್ದು ಅಂತ ತಿಳಿದುಕೊಳ್ಳಿ. ನಾನು ಬೆಂಗಳೂರಿನಲ್ಲಿ ಆಫ್‌ಸೆಟ್ ಪ್ರೆಸ್‌ನಲ್ಲಿ ಕೆಲಸ ಮಾಡುವವನು, ದಿನಾ ಕಾಗದ ಮುಟ್ಟುತ್ತೇನೆ, ಅದಕ್ಕೆ ಇಷ್ಟು ಖಡಕ್ಕಾಗಿ ಹೇಳುತ್ತಿದ್ದೇನೆ.

ಪ್ಲಾನರ್‌ನ ಹಿಂದೆ ಜಿಎಸ್‌ಎಂ ಅಂತ ಬರೆದಿದೆಯಾ ನೋಡಿ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ಸಾಮಾನ್ಯ ಜೆರಾಕ್ಸ್ ಹಾಳೆ 70ರಿಂದ 80 ಇರುತ್ತದೆ. ಬರೆದಿಲ್ಲದಿದ್ದರೆ ಅಡುಗೆಮನೆಯ ತಕ್ಕಡಿ ಸಾಕು. ಎ5 ಹಾಳೆ 148 ಮಿ.ಮೀ. ಅಗಲ, 210 ಮಿ.ಮೀ. ಉದ್ದ. ಅಂಥ 100 ಹಾಳೆ, ಅಂದರೆ 200 ಪುಟ, 80 ಜಿಎಸ್‌ಎಂ ಕಾಗದದ್ದಾದರೆ ಸುಮಾರು 250 ಗ್ರಾಂ ತೂಗುತ್ತದೆ. 100 ಜಿಎಸ್‌ಎಂ ಆದರೆ 310 ಗ್ರಾಂ, 120 ಆದರೆ 370 ದಾಟುತ್ತದೆ. ರಟ್ಟಿನ ತೂಕ ಅಂದಾಜಿಗೆ ಕಳೆಯಿರಿ. ನಿಮ್ಮದು 80ರ ಆಸುಪಾಸು ಇರಬೇಕು ಅಂತ ನನ್ನ ಊಹೆ.

ಇನ್ನು ಇಂಕು. ನಿಮ್ಮ 24 ಬಣ್ಣದ ಸೆಟ್‌ನ ಮುಚ್ಚಳ ತೆಗೆದು ಮೂಸಿ ನೋಡಿ. ಆಸ್ಪತ್ರೆಯಲ್ಲಿ ಇಂಜೆಕ್ಷನ್‌ಗೆ ಮುಂಚೆ ಹಚ್ಚುವ ಸ್ಪಿರಿಟ್ ಥರ ವಾಸನೆ ಬಂದರೆ ಅದು ಆಲ್ಕೋಹಾಲ್ ಮಾರ್ಕರ್. ಮಾರ್ಕರ್ ಕೆಟ್ಟದ್ದಲ್ಲ, ಅದರ ಜಾಗ ಬೇರೆ. ಆಲ್ಕೋಹಾಲ್ ಕಾಗದದ ನಾರಿನ ಒಳಗೆ ತಕ್ಷಣ ನುಗ್ಗುತ್ತದೆ, ಬಣ್ಣವನ್ನೂ ಜೊತೆಗೇ ಎಳೆದುಕೊಂಡು ಹೋಗುತ್ತದೆ. ದಪ್ಪ ಮಾರ್ಕರ್ ಪ್ಯಾಡ್‌ಗೆ ಅಂತಲೇ ಮಾಡಿದ್ದು ಅದು. 120 ಜಿಎಸ್‌ಎಂ ಕಾಗದದಲ್ಲೂ ಹಿಂದಕ್ಕೆ ಇಳಿಯುತ್ತದೆ. ಪರ್ಮನೆಂಟ್ ಮಾರ್ಕರ್ ಕಥೆಯೂ ಇದೇ. ಹಾಗಂತ ಸೆಟ್ ಎಸೆಯಬೇಡಿ, ಬೇರೆ ದಪ್ಪ ಹಾಳೆಯಲ್ಲಿ ಹೂ ಬರೆದು ಕತ್ತರಿಸಿ ಪ್ಲಾನರ್‌ಗೆ ಅಂಟಿಸಿ. ಹಳೆ ಮದುವೆ ಕಾಗದದ ಬಿಳಿ ಬೆನ್ನು ಇದಕ್ಕೆ ತುಂಬ ಚೆನ್ನಾಗಿರುತ್ತದೆ.

ನೀರಿನ ಇಂಕಿನಲ್ಲಿ ಎರಡು ಬಗೆ ಇದೆ. ಒಂದರಲ್ಲಿ ಬಣ್ಣ ನೀರಿನಲ್ಲಿ ಸಕ್ಕರೆಯ ಹಾಗೆ ಕರಗಿರುತ್ತದೆ. ಸ್ಕೆಚ್ ಪೆನ್ನು, ಬಹಳಷ್ಟು ಬ್ರಷ್ ಪೆನ್ನು ಈ ಗುಂಪಿನವು. ಇನ್ನೊಂದು ಪಿಗ್ಮೆಂಟ್ ಇಂಕು. ಅದರಲ್ಲಿ ಬಣ್ಣದ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ, ನೀರು ಒಣಗಿದ ಮೇಲೆ ಕಣಗಳು ಕಾಗದದ ಮೇಲೆಯೇ ಕೂತುಬಿಡುತ್ತವೆ. ಮೊದಲನೆಯದು ಮತ್ತೆ ಒದ್ದೆ ತಾಗಿದರೆ ಕರಗಿ ಹರಡುತ್ತದೆ, ಎರಡನೆಯದು ಒಣಗಿದ ಮೇಲೆ ಅಲ್ಲಾಡುವುದಿಲ್ಲ. ನಿಮ್ಮ ಹೈಲೈಟರ್ ತೊಂದರೆ ಇಲ್ಲಿದೆ ನೋಡಿ. ಹೈಲೈಟರ್ ಅಂದರೆ ಒದ್ದೆ ಬಣ್ಣ. ಅದು ನಿಮ್ಮ ಜೆಲ್ ಪೆನ್ನಿನ ಬರಹವನ್ನು ಮತ್ತೆ ನೆನೆಸಿ ಕಲಸಿತು.

ಪರಿಹಾರ ಸುಲಭ. ಮೊದಲು ಹೈಲೈಟರ್ ಎಳೆದು, ಒಣಗಲು ಬಿಟ್ಟು, ಅದರ ಮೇಲೆ ಹೆಸರು ಬರೆಯಿರಿ. ಇಲ್ಲವೇ ಹೆಸರನ್ನು ಸಾದಾ ಬಾಲ್ ಪೆನ್ನಿನಲ್ಲಿ ಬರೆಯಿರಿ, ಅದರದ್ದು ಎಣ್ಣೆ ಇಂಕು, ನೀರಿನ ಹೈಲೈಟರ್‌ಗೆ ಅಷ್ಟಾಗಿ ಜಗ್ಗುವುದಿಲ್ಲ. ಹತ್ತು ರೂಪಾಯಿ ಬಾಲ್ ಪೆನ್ನನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಆದರೆ ಆರ್ಡರ್ ಬರೆಯುವ ಕೆಲಸಕ್ಕೆ ಅದಕ್ಕಿಂತ ನಂಬಿಕಸ್ತ ಪೆನ್ನು ಇಲ್ಲ.

ಕೊನೆಯ ಹಾಳೆಯನ್ನು ಪರೀಕ್ಷೆಗೆ ಅಂತ ಬಿಟ್ಟುಬಿಡಿ. ಹೊಸ ಪೆನ್ನು ಯಾವುದೇ ಬಂದರೂ ಮೊದಲು ಅಲ್ಲಿ ಒಂದು ಗೆರೆ, ಒಂದು ಹೆಸರು, ಒಂದು ತುಂಬಿದ ಚೌಕ. ಹತ್ತು ಎಣಿಸಿ ಬೆರಳಿನಿಂದ ಉಜ್ಜಿ. ಅದರ ಮೇಲೆ ಹೈಲೈಟರ್ ಎಳೆಯಿರಿ. ಹಾಳೆ ತಿರುಗಿಸಿ ಬೆಳಕಿಗೆ ಹಿಡಿಯಿರಿ. ಹಿಂದೆ ನೆರಳು ಕಂಡರೆ ಪರವಾಗಿಲ್ಲ, ಅದರ ಮೇಲೆ ಬರೆಯಬಹುದು. ಚುಕ್ಕಿಯಾಗಿ ಇಂಕು ಹೊರಗೆ ಬಂದಿದ್ದರೆ ಆ ಪೆನ್ನು ಈ ಪ್ಲಾನರ್‌ಗೆ ಬೇಡ.

ಹಾಳಾದ ಪುಟಗಳಿಗೆ: ಎರಡು ಹಾಳೆ ಒಂದಕ್ಕೊಂದು ಅಂಟಿಸಿಬಿಡಿ. ಗ್ಲೂ ಸ್ಟಿಕ್ ಬಳಸಿ, ನೀರು ಗೋಂದು ಬೇಡ, ಸುಕ್ಕು ಬರುತ್ತದೆ. ಅಂಟಿಸಿದ ಹಾಳೆ ದಪ್ಪವಾಗುತ್ತದೆ, ತಿಂಗಳ ಮೊದಲ ಪುಟಕ್ಕೆ ಅದೇ ಸರಿಯಾಗುತ್ತದೆ.

ಎಡಗೈ_ಕುಡ್ಲ:

ನಾನು ಎಡಚ, ಮಂಗಳೂರು. ಎಡಗೈಯಲ್ಲಿ ಬರೆಯುವಾಗ ಕೈ ಈಗಷ್ಟೇ ಬರೆದ ಅಕ್ಷರದ ಮೇಲೆಯೇ ಹೋಗುತ್ತದೆ. ಶಾಲೆಯಲ್ಲಿ ಕಿರುಬೆರಳಿನ ಬದಿಯೆಲ್ಲ ಯಾವಾಗಲೂ ನೀಲಿ. ಅದಕ್ಕೇ ಇಂಕು ಒಣಗುವ ಸಮಯದ ಬಗ್ಗೆ ನನಗೆ ಹೇಳುವುದಿದೆ.

ಜೆಲ್ ಪೆನ್ನು 0.7, 1.0 ಅಂತ ದಪ್ಪ ಆದಷ್ಟೂ ಒದ್ದೆ ಜಾಸ್ತಿ, ಒಣಗುವುದು ನಿಧಾನ. ನಮ್ಮ ಕಡೆ ಆಟಿ ತಿಂಗಳಲ್ಲಿ, ಅಂದರೆ ಜೋರು ಮಳೆಗಾಲದಲ್ಲಿ, ಕಾಗದವೇ ತೇವ ಹೀರಿಕೊಂಡು ಮೆತ್ತಗಾಗಿರುತ್ತದೆ, ಆಗ ಮಿನುಗುವ ಜೆಲ್ ಪೆನ್ನಿನಲ್ಲಿ ಬರೆದು ಪುಸ್ತಕ ಮುಚ್ಚಿದರೆ ಎದುರು ಪುಟಕ್ಕೆ ಅಚ್ಚು ಬೀಳುತ್ತದೆ. ಹಾಸನದಲ್ಲಿ ಅಷ್ಟು ಕಷ್ಟ ಆಗಲಿಕ್ಕಿಲ್ಲ. ಆದರೂ ಹೊಳೆಯುವ ಪೆನ್ನು, ಬಿಳಿ ಪೆನ್ನು ಬಳಸಿದ ದಿನ ಪುಸ್ತಕ ತೆರೆದೇ ಇಡಿ, ಅವಸರ ಇದ್ದರೆ ಮಧ್ಯೆ ಒಂದು ಬಟರ್ ಪೇಪರ್ ತುಂಡು ಇಡಿ.

ನಾನು ಈಗ ಎರಡೇ ಪೆನ್ನು ಬಳಸುತ್ತೇನೆ. ಬರೆಯಲು ಯೂನಿ ಜೆಟ್‌ಸ್ಟ್ರೀಮ್, ಅದೂ ಎಣ್ಣೆ ಇಂಕೇ, ಆದರೆ ನೀರಿನ ಹಾಗೆ ಸರಾಗವಾಗಿ ಓಡುತ್ತದೆ, ಬರೆದ ತಕ್ಷಣ ಒಣಗುತ್ತದೆ. ಚಿತ್ರಕ್ಕೆ ಸಕುರಾ ಪಿಗ್ಮಾ ಮೈಕ್ರಾನ್, ಅದು ಪಿಗ್ಮೆಂಟ್ ಇಂಕಿನ ಫೈನ್‌ಲೈನರ್, ಅಂದರೆ ಸಣ್ಣ ತುದಿಯ ಗೆರೆ ಎಳೆಯುವ ಪೆನ್ನು. ಈ ಮೈಕ್ರಾನ್ ತಗೊಳ್ಳುವಾಗ ಒಂದು ವಿಷಯ ನೆನಪಿರಲಿ, ಮೇಲಿನ ನಂಬರು ಮಿಲಿಮೀಟರ್ ಅಲ್ಲ. 01 ಅಂದರೆ 0.25 ಮಿ.ಮೀ., 05 ಅಂದರೆ 0.45 ಮಿ.ಮೀ., 005 ಅಂದರೆ 0.20. ನಾನು 05 ಅಂದರೆ ಅರ್ಧ ಮಿಲಿಮೀಟರ್ ಹತ್ತಿರ, 01 ಅಂದರೆ ಕೂದಲೆಳೆ ಅಂತ ಲೆಕ್ಕ ಇಟ್ಟುಕೊಂಡಿದ್ದೇನೆ. ಒತ್ತಿ ಬರೆಯುವ ಅಭ್ಯಾಸ ಇದ್ದರೆ 005 ಬೇಡ, ತುದಿ ಒಳಗೆ ಹೋಗಿ ಕೂತುಬಿಡುತ್ತದೆ.

ಮೈಕ್ರಾನ್ ಒಂದಕ್ಕೇ ಕೈ ಸುಡುತ್ತದೆ ಅನ್ನಿಸಿದರೆ ನಮ್ಮ ದೇಶದ ಕಂಪನಿಗಳ ಫೈನ್‌ಲೈನರ್ ಕೂಡ ಸಿಗುತ್ತವೆ. ಆದರೆ ಮೇಲೆ ‘ವಾಟರ್‌ಪ್ರೂಫ್’ ಅಥವಾ ‘ಪಿಗ್ಮೆಂಟ್’ ಅಂತ ಇದೆಯಾ ನೋಡಿ ತಗೊಳ್ಳಿ. ಫೈನ್‌ಲೈನರ್ ಅಂದ ಮಾತ್ರಕ್ಕೆ ಎಲ್ಲವೂ ನೀರಿಗೆ ನಿಲ್ಲುವುದಿಲ್ಲ.

ಸೂಜಿದಾರ_ಹಾಸನ:

ಅಚ್ಚಿನಮನೆ ಅಣ್ಣ, ತೂಕ ಹಾಕಿದೆ! ರಟ್ಟು ಕಳೆದು ಲೆಕ್ಕ ಮಾಡಿದರೆ 80ಕ್ಕೇ ಬರುತ್ತಿದೆ. ಸೆಟ್ ಮೂಸಿ ನೋಡಿದೆ, ಸ್ಪಿರಿಟ್ ವಾಸನೆಯೇ. ಮದುವೆ ಕಾಗದಗಳು ನನ್ನ ಹತ್ತಿರ ಒಂದು ಚೀಲ ಇವೆ, ಗಿರಾಕಿಗಳು ಪ್ರೀತಿಯಿಂದ ಕೊಟ್ಟದ್ದು, ಎಸೆಯಲು ಮನಸ್ಸಾಗದೆ ಇಟ್ಟುಕೊಂಡಿದ್ದೆ.

ಇನ್ನೊಂದು ಪ್ರಶ್ನೆ. ಯೂಟ್ಯೂಬ್‌ನಲ್ಲಿ ಬ್ರಷ್ ಪೆನ್ನಿನಲ್ಲಿ ಇಂಗ್ಲಿಷ್ ಅಕ್ಷರ ಎಷ್ಟು ಚೆಂದ ಬರೆಯುತ್ತಾರೆ. ನಾನು ಕನ್ನಡದಲ್ಲಿ ‘ಫೆಬ್ರವರಿ’ ಅಂತ ಬರೆಯಲು ಹೋದರೆ ಒತ್ತಕ್ಷರದ ಹತ್ತಿರ ಬಂದು ಎಲ್ಲ ಮುದ್ದೆಯಾಯಿತು. ಹೆಸರು ಬರೆಯುವಾಗಲೂ ಅಷ್ಟೇ. ‘ಲಕ್ಷ್ಮಿ’ ಅನ್ನುವ ಗಿರಾಕಿಗಳೇ ನಾಲ್ಕು ಜನ ಇದ್ದಾರೆ, ಒಂದು ಸಲವೂ ಅಚ್ಚುಕಟ್ಟಾಗಿ ಬರುವುದಿಲ್ಲ. ಇದು ನನ್ನ ಕೈಯ ತೊಂದರೆಯಾ, ಪೆನ್ನಿನ ತೊಂದರೆಯಾ?

ತಲೆಕಟ್ಟು:

ಅಕ್ಕಾರೇ, ಪೆನ್ನಿನ ತೊಂದರೆ. ಇದನ್ನು ಓದಿ ಸುಮ್ನೆ ಇರಲು ಆಗಲಿಲ್ಲ, ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾನು ಧಾರವಾಡದಲ್ಲಿ ಬೋರ್ಡು, ಸನ್ಮಾನಪತ್ರ ಬರೆಯುವವನು.

ಇಂಗ್ಲಿಷಿನವರ ಪೆನ್ನಿನ ಅಳತೆ ನಮಗೆ ಹೊಂದುವುದಿಲ್ಲ. ಅವರಿಗೆ ಒಂದು ಸಾಲಿನಲ್ಲಿ ಒಂದೇ ಅಂತಸ್ತು, ಒಂದಿಷ್ಟು ಕೋಲು ಮೇಲೆ, ಒಂದಿಷ್ಟು ಬಾಲ ಕೆಳಗೆ. ನಮ್ಮಲ್ಲಿ ಮೇಲೆ ತಲೆಕಟ್ಟು, ಗುಡಿಸು, ನಡುವೆ ಅಕ್ಷರದ ಹೊಟ್ಟೆ, ಕೆಳಗೆ ಒತ್ತು. ‘ಲಕ್ಷ್ಮಿ’ಯಲ್ಲಿ ಕ ಕ್ಕೆ ಷ ಒತ್ತು, ಆ ಷ ಕ್ಕೆ ಮ ಒತ್ತು. ಮೂರು ಅಂತಸ್ತಿನ ಮನೆ ಅದು. ನಿಮ್ಮ ಪ್ಲಾನರ್‌ನಲ್ಲಿ ಚುಕ್ಕಿಯಿಂದ ಚುಕ್ಕಿಗೆ 5 ಮಿ.ಮೀ. ಇರಬೇಕು. ಅದರೊಳಗೆ 0.7 ಪೆನ್ನಿನಲ್ಲಿ ಬರೆದರೆ ಒತ್ತಿನ ಕಣ್ಣು ತುಂಬಿಹೋಗುತ್ತದೆ.

ಒಂದು ಪರೀಕ್ಷೆ ಮಾಡಿ. ‘ದ’ ಬರೆಯಿರಿ, ಪಕ್ಕದಲ್ಲಿ ‘ಧ’ ಬರೆಯಿರಿ. ಎರಡಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಸಾಲೆಯಲ್ಲಿ ಮಾಸ್ತರು ‘ಹೊಟ್ಟೆ ಸೀಳು’ ಅಂತ ಹೇಳಿಕೊಟ್ಟದ್ದು ನೆನಪಿದೆಯಾ? ಬ ಮತ್ತು ಭ, ಡ ಮತ್ತು ಢ, ಎಲ್ಲ ಹೀಗೆಯೇ. ಯಾವ ಪೆನ್ನಿನಲ್ಲಿ ನಿಮ್ಮ ಸಾಮಾನ್ಯ ಅಳತೆಯ ಅಕ್ಷರದಲ್ಲಿ ಆ ಸೀಳು ಬಿಳಿಯಾಗಿ ಉಳಿಯುತ್ತದೋ ಅದು ಕನ್ನಡ ಬರೆಯಲು ತಕ್ಕ ಪೆನ್ನು. ಸೀಳು ಮುಚ್ಚಿಹೋದರೆ ಎಷ್ಟೇ ದುಬಾರಿ ಆದರೂ ಅದು ನಮ್ಮದಲ್ಲ. ನನ್ನ ಅನುಭವದಲ್ಲಿ 5 ಮಿ.ಮೀ. ಚುಕ್ಕಿಗೆ 0.3ರಿಂದ 0.5ರ ತುದಿ ಸರಿ. ಒಂದು ಸಾಲು ಬರೆದು ಕೆಳಗೆ ಒಂದು ಸಾಲು ಚುಕ್ಕಿ ಖಾಲಿ ಬಿಡಿ, ಒತ್ತಿಗೆ ಜಾಗ ಸಿಗುತ್ತದೆ.

ಈಗ ದೊಡ್ಡ ಅಕ್ಷರ, ತಿಂಗಳ ಹೆಸರು. ಬ್ರಷ್ ಪೆನ್ನಿನ ಪಾಠದಲ್ಲಿ ಕೆಳಗೆ ಬರುವಾಗ ಒತ್ತಿ, ಮೇಲೆ ಹೋಗುವಾಗ ಹಗುರ ಅಂತ ಹೇಳುತ್ತಾರೆ. ಅದು ಕೋಲು ಕೋಲಾದ ಅಕ್ಷರಕ್ಕೆ ಹೇಳಿದ್ದು. ನಮ್ಮ ಅಕ್ಷರ ಎಲ್ಲ ದುಂಡು, ಸುತ್ತಿ ಸುತ್ತಿ ಬರುತ್ತದೆ, ಎಲ್ಲಿ ಒತ್ತಬೇಕು ಎಲ್ಲಿ ಬಿಡಬೇಕು ಅನ್ನುವುದರೊಳಗೆ ಅಕ್ಷರವೇ ಮುಗಿದಿರುತ್ತದೆ. ಅದಕ್ಕೆ ನಮಗೆ ಚಪ್ಪಟೆ ತುದಿ ಒಳ್ಳೆಯದು. ಹೈಲೈಟರ್‌ಗೆ ಇರುತ್ತದಲ್ಲ ಓರೆಯಾಗಿ ಕತ್ತರಿಸಿದ ತುದಿ, ಅಂಥದ್ದು. ಅದನ್ನು ಓರೆಯಾಗಿ ಹಿಡಿದು ಕೈ ತಿರುಗಿಸದೆ ಬರೆಯಿರಿ. ದುಂಡು ಸುತ್ತುವಾಗ ತಾನಾಗಿ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಬರುತ್ತದೆ. 2 ಮಿ.ಮೀ. ತುದಿ ಇದ್ದರೆ ಅಕ್ಷರ 10ರಿಂದ 12 ಮಿ.ಮೀ. ಎತ್ತರ ಇರಲಿ, ಅಂದರೆ ಎರಡು ಚೌಕಕ್ಕಿಂತ ತುಸು ಜಾಸ್ತಿ.

ಬ್ರಷ್ ಪೆನ್ನೇ ಬೇಕು ಅಂದರೆ ಮೆತ್ತನೆಯ ದೊಡ್ಡದು ಬೇಡ, ಟೊಂಬೊ ಫುಡೆನೊಸುಕೆಯ ಗಟ್ಟಿ ತುದಿಯಂಥದ್ದು ನೋಡಿ. ತುದಿ ಸಣ್ಣ, ಹಿಡಿತ ಸಿಗುತ್ತದೆ. ಕ್ಯಾಮ್ಲಿನ್, ಡಾಮ್ಸ್ ಬ್ರಷ್ ಪೆನ್ನುಗಳು ಊರ ಅಂಗಡಿಯಲ್ಲೇ ಸಿಗುತ್ತವೆ, ಹೂವು, ಎಲೆ, ರಂಗೋಲಿಯ ಒಳಗೆ ತುಂಬಲು ಅವು ಸಾಕು. ಒಂದೇ ಜಾಗಕ್ಕೆ ಎರಡು ಸಲ ತೀಡದೆ ಒಂದೇ ಗೆರೆಯಲ್ಲಿ ಮುಗಿಸಿ. ನೆನೆದ ಕಾಗದವನ್ನು ಮತ್ತೆ ಉಜ್ಜಿದರೆ ನೂಲು ಏಳುತ್ತದೆ, ನಿಮಗೆ ಆಗಿದ್ದು ಅದೇ. ಎರಡನೇ ಪದರ ಬೇಕಾದರೆ ಒಣಗಿದ ಮೇಲೆ.

ಮತ್ತೊಂದು ಚೆಂದದ ಉಪಾಯ ಹೇಳುತ್ತೇನೆ, ಇದು ನಾನು ಸನ್ಮಾನಪತ್ರದಲ್ಲಿ ಮಾಡುವುದು. ಅಕ್ಷರದ ಮೈ ಒಂದು ಬಣ್ಣ, ತಲೆಕಟ್ಟು ಮಾತ್ರ ಇನ್ನೊಂದು ಬಣ್ಣ. ಕಡುನೀಲಿಯ ‘ಫೆಬ್ರವರಿ’ಗೆ ಅರಿಶಿನ ಬಣ್ಣದ ತಲೆಕಟ್ಟು ಹಾಕಿ ನೋಡಿ, ದಾರದ ಮೇಲೆ ಹೂ ಪೋಣಿಸಿದ ಹಾಗೆ ಕಾಣುತ್ತದೆ. ನೀಲಿ ಪೂರ್ತಿ ಒಣಗಿದ ಮೇಲೆ ಅರಿಶಿನ ಹಾಕಬೇಕು, ಇಲ್ಲದಿದ್ದರೆ ಹಳದಿ ಪೆನ್ನಿನ ತುದಿ ಹಸಿರಾಗಿ ಕೆಟ್ಟುಹೋಗುತ್ತದೆ.

ಒಸಾಕಾದಿಂದ:

ಇಲ್ಲಿಂದ ಒಂದೆರಡು ಮಾತು. ನಾನಿರುವ ಊರೇ ಸಕುರಾ ಕಂಪನಿಯ ಊರು. ಪಿಗ್ಮಾ ಇಂಕನ್ನು ಅವರು 1982ರಲ್ಲಿ ತಂದರು, ಎರಡೇ ವರ್ಷಕ್ಕೆ, 1984ರಲ್ಲಿ, ಮೊದಲ ಜೆಲ್ ಇಂಕಿನ ಪೆನ್ನೂ ಅವರಿಂದಲೇ ಬಂತು. ನಾವು ಸಾಲೆಯಲ್ಲಿ ಹಟ ಮಾಡಿ ಕೊಡಿಸಿಕೊಂಡ ಜೆಲ್ ಪೆನ್ನಿನ ಮೂಲ ಅದು.

ಅಚ್ಚಿನಮನೆ ಅವರ ಮಾತಿಗೆ ಸಣ್ಣ ತಿದ್ದುಪಡಿ. ಜಿಎಸ್‌ಎಂ ಒಂದನ್ನೇ ನಂಬಬೇಡಿ. ಇಲ್ಲಿ ಟೊಮೊಯೆ ರಿವರ್ ಅಂತ ಕಾಗದ ಇದೆ, ಬರೀ 52 ಜಿಎಸ್‌ಎಂ, ಈರುಳ್ಳಿ ಸಿಪ್ಪೆಯ ಹಾಗೆ. ಫೌಂಟನ್ ಪೆನ್ನಿನ ಇಂಕು ಕೂಡ ಹಿಂದಕ್ಕೆ ಇಳಿಯುವುದಿಲ್ಲ. ನೆರಳು ಮಾತ್ರ ಚೆನ್ನಾಗಿಯೇ ಕಾಣುತ್ತದೆ. ಕಾಗದ ಮಾಡುವಾಗ ಇಂಕು ಹೀರದ ಹಾಗೆ ಏನು ಬೆರೆಸುತ್ತಾರೆ, ಮೇಲೆ ಏನು ಹಚ್ಚುತ್ತಾರೆ ಅನ್ನುವುದೂ ಅಷ್ಟೇ ಮುಖ್ಯ. ಆದರೆ ಹೀರದ ಕಾಗದದಲ್ಲಿ ಇಂಕು ಒಣಗುವುದು ಬಹಳ ನಿಧಾನ. ಮಂಗಳೂರಿನ ಮಳೆಗಾಲಕ್ಕೆ ಅದನ್ನು ನಾನು ಹೇಳಲಾರೆ.

ಕೆಲಸದಿಂದ ಕೆಲಸಕ್ಕೆ ಬಣ್ಣ ಬೇರೆ ಮಾಡಲು ಜೀಬ್ರಾ ಮೈಲ್ಡ್‌ಲೈನರ್ ನೋಡಿ. ಕಣ್ಣಿಗೆ ಚುಚ್ಚುವ ಬಣ್ಣವಲ್ಲ, ಹಾಲು ಬೆರೆಸಿದ ಹಾಗೆ ತಿಳಿಯಾಗಿರುತ್ತವೆ. ಒಂದು ಕಡೆ ಓರೆ ತುದಿ, ಇನ್ನೊಂದು ಕಡೆ ಸಣ್ಣ ತುದಿ. ಓರೆ ತುದಿಯಲ್ಲಿ ತಲೆಕಟ್ಟು ಅವರು ಹೇಳಿದ ಹಾಗೆ ಅಕ್ಷರವನ್ನೂ ಬರೆಯಬಹುದು. ಭಾರತದಲ್ಲೂ ಸಿಗುತ್ತವೆ. ಐದು ಬಣ್ಣದ ಒಂದು ಪ್ಯಾಕ್ ಸಾಕು, ಎಲ್ಲ ಬಣ್ಣ ಬೇಡ. ಬಿಳಿ ಪೆನ್ನು ಬೇಕಾದರೆ ಯೂನಿ ಸಿಗ್ನೊದ ದಪ್ಪ ಬಿಳಿ ಅಥವಾ ಸಕುರಾ ಜೆಲ್ಲಿ ರೋಲ್ ಬಿಳಿ. ಕಡು ಬಣ್ಣದ ಎಲೆಯ ಮೇಲೆ ನರ ಬರೆಯಲು, ರಂಗೋಲಿಗೆ ಹಿಟ್ಟಿನ ಗೆರೆ ಎಳೆಯಲು ಅದರಷ್ಟು ಒಪ್ಪುವುದು ಬೇರೆ ಇಲ್ಲ.

ಶಿರಸಿ_ಅಡಿಕೆತೋಟ:

ಇಲ್ಲಿ ಯಾರೂ ಅಳಿಸುವ ಪೆನ್ನಿನ ಬಗ್ಗೆ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಹಿಂದಿನ ರಬ್ಬರಿನಿಂದ ಉಜ್ಜಿದರೆ ಮಾಯವಾಗುವ ಜೆಲ್ ಪೆನ್ನು ಬರುತ್ತದಲ್ಲ. ಪ್ಲಾನರ್‌ಗೆ ಬಹಳ ಜನ ಅದನ್ನೇ ಇಷ್ಟಪಡುತ್ತಾರೆ, ತಾರೀಖು ಬದಲಾದರೆ ಚಿತ್ತು ಮಾಡಬೇಕಾಗಿಲ್ಲ ಅಂತ. ನಾನೂ ಇಡೀ ವರ್ಷದ ತೋಟದ ಲೆಕ್ಕ, ಯಾವಾಗ ಔಷಧಿ ಹೊಡೆದದ್ದು, ಕೊಯ್ಲಿಗೆ ಎಷ್ಟು ಜನ ಬಂದದ್ದು, ಎಲ್ಲ ಅದರಲ್ಲೇ ಬರೆದಿದ್ದೆ. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಡೈರಿಯನ್ನು ಕಾರಿನ ಮುಂದಿನ ಗಾಜಿನ ಹತ್ತಿರ ಬಿಟ್ಟು ಸೊಸೈಟಿಗೆ ಹೋದೆ. ತಿರುಗಿ ಬಂದು ತೆರೆದರೆ ಪುಟಗಳು ಬಿಳಿ. ಗೆರೆ ಒತ್ತಿದ ಗುರುತು ಮಾತ್ರ ಇದೆ, ಅಕ್ಷರ ಇಲ್ಲ. ಎದೆ ಧಸಕ್ಕೆಂದಿತು.

ಆಮೇಲೆ ತಿಳಿದುಕೊಂಡೆ. ಆ ಇಂಕು ಅಳಿಸುವುದು ರಬ್ಬರಿನಿಂದಲ್ಲ, ಉಜ್ಜಿದಾಗ ಹುಟ್ಟುವ ಬಿಸಿಯಿಂದ. ಸುಮಾರು 60 ಡಿಗ್ರಿ ದಾಟಿದರೆ ಬಣ್ಣ ಕಳೆದುಕೊಳ್ಳುತ್ತದೆ. ಒಳ್ಳೆಯದೇನೆಂದರೆ ಶೂನ್ಯಕ್ಕಿಂತ ಹತ್ತು ಇಪ್ಪತ್ತು ಡಿಗ್ರಿ ಕೆಳಗಿನ ಚಳಿಗೆ ಮತ್ತೆ ಬರುತ್ತದೆ. ಡೈರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿ ಫ್ರೀಜರ್‌ನಲ್ಲಿ ಇಟ್ಟೆ, ಬೆಳಗ್ಗೆ ಅಕ್ಷರ ವಾಪಸ್ ಬಂದಿತ್ತು. ಮೊದಲಿಗಿಂತ ತಿಳಿ, ಬೇಕಂತಲೇ ಅಳಿಸಿದ್ದ ಹಳೆ ತಾರೀಖುಗಳೂ ಜೊತೆಗೇ ಎದ್ದು ಬಂದು ಕೆಲವು ಕಡೆ ಎರಡೆರಡು ಅಕ್ಷರ. ಆದರೂ ಓದಲು ಆಯಿತು.

ಅಕ್ಕ, ನಿಮ್ಮ ಮೇಜಿನ ಮೇಲೆ ಇಸ್ತ್ರಿ ಪೆಟ್ಟಿಗೆ ಇರುತ್ತದೆ ಅಲ್ವಾ. ಅದಕ್ಕೇ ಹೇಳಿದೆ.

ಸೂಜಿದಾರ_ಹಾಸನ:

ಅಯ್ಯೋ, ಇದು ನನಗೆ ಗೊತ್ತಿರುವ ಪೆನ್ನೇ! ನಾವು ಬಟ್ಟೆಯ ಮೇಲೆ ಗುರುತು ಹಾಕಲು ಇಂಥದ್ದೇ ಬಳಸುತ್ತೇವೆ. ಆರಿ ವರ್ಕ್‌ನ ಡಿಸೈನ್ ಬರೆದುಕೊಂಡು, ಕೆಲಸ ಮುಗಿದ ಮೇಲೆ ಇಸ್ತ್ರಿ ಆಡಿಸಿದರೆ ಗೆರೆ ಮಾಯ. ಅದೇ ಪೆನ್ನನ್ನು ಪುಸ್ತಕಕ್ಕೂ ಬಳಸೋಣ ಅಂತ ಮೊನ್ನೆ ತಾನೇ ಯೋಚಿಸಿದ್ದೆ. ನಿಮ್ಮ ಮಾತು ಓದದಿದ್ದರೆ ಮಾಡಿಬಿಡುತ್ತಿದ್ದೆ. ಅಳತೆ ಪುಸ್ತಕ ಯಾವಾಗಲೂ ಇಸ್ತ್ರಿ ಪಕ್ಕದಲ್ಲೇ ಇರುತ್ತದೆ, ಎದೆ ಸುತ್ತಳತೆ, ತೋಳು, ಎಲ್ಲ ಹೋಗಿಬಿಟ್ಟರೆ ಮತ್ತೆ ಐವತ್ತು ಜನರನ್ನು ಕರೆದು ಅಳತೆ ತೆಗೆಯಲು ಆಗುತ್ತದೆಯೇ?

ಅಚ್ಚಿನಮನೆ:

ಅದೇ ನೋಡಿ. ಅಳತೆ ಮತ್ತು ದುಡ್ಡಿನ ಲೆಕ್ಕ ಬಾಲ್ ಪೆನ್ನಿನಲ್ಲಿ ಮಾತ್ರ. ಬಣ್ಣ ಅದರ ಸುತ್ತ ಇರಲಿ.

ಒಸಾಕಾದವರು ಹೇಳಿದ್ದು ಸರಿ, ಒಪ್ಪುತ್ತೇನೆ. ಅಂಥ ಕಾಗದ ನಮ್ಮ ಅಂಗಡಿಗಳಲ್ಲಿ ಸಿಗುವುದು ಅಪರೂಪ ಅಂತ ಬಿಟ್ಟಿದ್ದೆ. ಬೆಂಗಳೂರಿಗೆ ಬಂದರೆ ಅವೆನ್ಯೂ ರಸ್ತೆಗೆ ಹೋಗಿ, ಪೆನ್ನುಗಳನ್ನು ಬಿಡಿಯಾಗಿ ಕೊಡುವ ಸ್ಟೇಷನರಿ ಅಂಗಡಿಗಳಿವೆ. ನಿಮ್ಮ ಪ್ಲಾನರ್ ಕೈಯಲ್ಲೇ ಇರಲಿ, ಅಂಗಡಿಯವರ ಚೀಟಿಯ ಮೇಲೆ ಬರೆದು ನೋಡಬೇಡಿ, ನಿಮ್ಮದೇ ಕೊನೆಯ ಹಾಳೆಯಲ್ಲಿ ಬರೆದು ನೋಡಿ. ಹಾಸನದಲ್ಲೂ ಕೇಳಿ, ಬಹಳ ಕಡೆ ಬಿಡಿಯಾಗಿ ಕೊಡುತ್ತಾರೆ. 24ರ ಸೆಟ್‌ನಲ್ಲಿ ದಿನಾ ಕೈಗೆ ಬರುವುದು ನಾಲ್ಕೋ ಐದೋ, ಉಳಿದದ್ದು ಒಣಗುತ್ತದೆ.

ಎರಡು ತುದಿಯ ಪೆನ್ನುಗಳನ್ನು ಮಲಗಿಸಿ ಇಡಿ. ಲೋಟದಲ್ಲಿ ನಿಲ್ಲಿಸಿದರೆ ಇಂಕು ಒಂದೇ ಕಡೆ ಇಳಿದು ಮೇಲಿನ ತುದಿ ಒಣಗುತ್ತದೆ. ಹಳೆ ಟೂತ್‌ಬ್ರಷ್ ಡಬ್ಬಿ, ಊದುಬತ್ತಿ ಡಬ್ಬಿ ಯಾವುದಾದರೂ ಆದೀತು.

ಸೂಜಿದಾರ_ಹಾಸನ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿನ್ನೆ ಪೇಟೆಗೆ ಹೋಗಿ ಬಂದೆ, ಪ್ಲಾನರ್ ಚೀಲದಲ್ಲಿ ಹಾಕಿಕೊಂಡೇ ಹೋದೆ. ಅಂಗಡಿಯ ಹುಡುಗ ಮೊದಲು ಗಾಬರಿಯಾದ, ಆಮೇಲೆ ಅವನೇ ಆಸಕ್ತಿಯಿಂದ ಒಂದೊಂದೇ ಪೆನ್ನು ತೆಗೆದು ಕೊಟ್ಟ. ಹತ್ತೊಂಬತ್ತು ಪೆನ್ನು ಪರೀಕ್ಷೆ ಮಾಡಿದೆ. ಎಲ್ಲದರಲ್ಲೂ ಒಂದೇ ಮಾತು ಬರೆದೆ, ‘ಲಕ್ಷ್ಮಿ ಧಾರೆ ಬ್ಲೌಸ್’. ಸೀಳು ಉಳಿಯಿತಾ, ಒತ್ತು ಕಂಡಿತಾ, ಉಜ್ಜಿದರೆ ಹರಡಿತಾ, ಹಿಂದೆ ಇಳಿಯಿತಾ ಅಂತ ಪಕ್ಕದಲ್ಲಿ ಗುರುತು ಹಾಕಿಕೊಂಡೆ.

ತಂದದ್ದು ಇಷ್ಟು: ಕಪ್ಪು ಮೈಕ್ರಾನ್ 03 ಒಂದು, ನೀಲಿ ಬಾಲ್ ಪೆನ್ನು ಐದು, ಬಿಳಿ ಜೆಲ್ ಪೆನ್ನು ಒಂದು, ತಿಳಿ ಬಣ್ಣದ ಓರೆ ತುದಿಯ ಹೈಲೈಟರ್ ನಾಲ್ಕು. ಬ್ಲೌಸ್‌ಗೆ ತಿಳಿನೀಲಿ, ಕುಚ್ಚಿಗೆ ಹಳದಿ, ಆರಿಗೆ ಗುಲಾಬಿ. ಬೂದು ಬಣ್ಣ ಯಾಕೆ ತಂದೆ ಅಂದರೆ, ಕೊಟ್ಟು ಮುಗಿದ ಆರ್ಡರ್ ಮೇಲೆ ಬೂದು ಎಳೆದರೆ ಆಯಿತು, ಹೊಡೆದುಹಾಕುವುದು ನನಗೆ ಇಷ್ಟವಿಲ್ಲ, ಅದು ಯಾರದೋ ಮದುವೆಯ ಹೆಸರು. ಎಲ್ಲ ಸೇರಿ ಆರುನೂರರ ಒಳಗೇ ಮುಗಿಯಿತು.

ದಾಸವಾಳದ ಹಾಳೆಯನ್ನು ಅದರ ಮುಂದಿನ ಹಾಳೆಗೆ ಅಂಟಿಸಿದೆ. ದಪ್ಪಗಾಗಿದೆ, ಈಗ ಅದರ ಮೇಲೆ ರಂಗೋಲಿ ಹಾಕಬೇಕು. ಒಂದು ಕಡೆ ಸಿಕ್ಕಿಕೊಂಡಿದ್ದೇನೆ. 7ರಿಂದ 1ರ ನೇರ ಚುಕ್ಕಿ ರಂಗೋಲಿ ಈ ಪುಟದಲ್ಲಿ ಹೂ ಎತ್ತಿದಷ್ಟು ಸಲೀಸು, ಚುಕ್ಕಿ ಅವರೇ ಇಟ್ಟುಕೊಟ್ಟಿದ್ದಾರೆ. ಆದರೆ ನಮ್ಮಮ್ಮ ಧನುರ್ಮಾಸದಲ್ಲಿ ಹಾಕುತ್ತಿದ್ದದ್ದು 7ರಿಂದ 4ರ ಸಂದು ಚುಕ್ಕಿ, ಅಂದರೆ ಎರಡು ಚುಕ್ಕಿಯ ನಡುವಿನ ಸಂದಿಗೆ ಸರಿಯಾಗಿ ಮುಂದಿನ ಸಾಲಿನ ಚುಕ್ಕಿ, ಆರು ದಳದ ಹೂವು. ಸಂದು ಚುಕ್ಕಿಗೆ ಈ ಪುಟ ಹೊಂದುವುದೇ ಇಲ್ಲ. ಹೊಸದಾಗಿ ಚುಕ್ಕಿ ಇಟ್ಟರೆ ಅಚ್ಚಿನ ಚುಕ್ಕಿಯೂ ಸೇರಿ ಕಣ್ಣಿಗೆ ಗೊಂದಲ. ಏನು ಮಾಡಲಿ?

ತಲೆಕಟ್ಟು:

ಹೊಂದುತ್ತದೆ ಅಕ್ಕಾರೇ. ಮೊದಲ ಸಾಲಿನಲ್ಲಿ ಒಂದು ಬಿಟ್ಟು ಒಂದು ಚುಕ್ಕಿ ಹಿಡಿಯಿರಿ: 1, 3, 5, ಹೀಗೆ ಏಳು. ಮುಂದಿನ ಸಾಲಿನಲ್ಲಿ ಬಿಟ್ಟ ಜಾಗದ ಚುಕ್ಕಿ: 2, 4, 6, ಹೀಗೆ ಆರು. ಅದರ ಮುಂದೆ ಐದು, ಆಮೇಲೆ ನಾಲ್ಕು. ಏಳರ ಸಾಲಿನ ಇನ್ನೊಂದು ಬದಿಗೂ ಹೀಗೆಯೇ. ಸಂದು ಚುಕ್ಕಿ ತಾನಾಗಿ ಬಂತು.

ಅಡ್ಡಕ್ಕೆ 10 ಮಿ.ಮೀ., ಉದ್ದಕ್ಕೆ 5 ಆಗುತ್ತದೆ, ಹೂವು ಸ್ವಲ್ಪ ಚಪ್ಪಟೆ ಕಾಣುತ್ತದೆ. ಅದು ಬೇಡ ಅಂದರೆ ಉದ್ದಕ್ಕೂ ಒಂದು ಸಾಲು ಹಾರಿಸಿ 10 ಮಾಡಿ, ಆಗ ತುಸು ಎತ್ತರ ಜಾಸ್ತಿ ಆಗುತ್ತದೆ ಆದರೆ ಕಣ್ಣಿಗೆ ದುಂಡಗೇ ಕಾಣುತ್ತದೆ. ಅಗಲಕ್ಕೆ ಏಳು ಚುಕ್ಕಿ ಅಂದರೆ 60 ಮಿ.ಮೀ., ನಿಮ್ಮ ಪುಟ 148, ಧಾರಾಳವಾಗಿ ಕೂರುತ್ತದೆ. ಹಿಡಿದ ಚುಕ್ಕಿಗಳ ಮೇಲೆ ಮಾತ್ರ ಪೆನ್ಸಿಲ್‌ನಲ್ಲಿ ಸಣ್ಣ ಸುತ್ತು ಹಾಕಿಕೊಳ್ಳಿ, ಗೊಂದಲ ಆಗುವುದಿಲ್ಲ. ಗೆರೆ ಮೈಕ್ರಾನ್‌ನಲ್ಲಿ, ಪೂರ್ತಿ ಒಣಗಿದ ಮೇಲೆ ಪೆನ್ಸಿಲ್ ಅಳಿಸಿ, ಆಮೇಲೆ ಬಣ್ಣ.

ಸೂಜಿದಾರ_ಹಾಸನ:

ಬಂತು! 10 ಮಾಡಿಯೇ ಹಾಕಿದೆ. ಆರು ದಳಕ್ಕೂ ಗುಲಾಬಿ ತುಂಬಿದೆ, ನಡುವೆ ಹಳದಿ. ಹಿಂದಿನ ಕೆಂಪು ದಾಸವಾಳ ಒಂದಿಷ್ಟೂ ಕಾಣುತ್ತಿಲ್ಲ. ಮಗಳು ಫೆಬ್ರವರಿ ಪುಟದ ತಲೆಕಟ್ಟು ನಾನೇ ಹಾಕುತ್ತೇನೆ ಅಂತ ಹಳದಿ ಪೆನ್ನು ಹಿಡಿದು ಕೂತಿದ್ದಾಳೆ, ನೀಲಿ ಒಣಗಲಿ ಅಂತ ಕಾಯಿಸುತ್ತಿದ್ದೇನೆ.